ಬೇಸ್ ಎಲ್ಲಿ ತಪ್ಪಿತು? ತಪ್ಪು ಸಂಖ್ಯೆಯನ್ನೇ ಓದಿ ದೋಷ ಹಿಡಿಯುವ ಕೈಪಿಡಿ

ಸಂಖ್ಯೆ ತಪ್ಪಾಗಿ ಬರುತ್ತಿದೆ ಎಂದು ಗೊತ್ತಾದ ಕೂಡಲೇ ಎಲ್ಲರೂ ಪ್ರೋಗ್ರಾಮ್ ತೆರೆದು ಕೂರುತ್ತಾರೆ. ಅದಕ್ಕೆ ಮೊದಲು ಎರಡು ನಿಮಿಷದ ಕೆಲಸವೊಂದಿದೆ. ಬರಬೇಕಿದ್ದ ಸಂಖ್ಯೆಯನ್ನೂ ಬಂದ ಸಂಖ್ಯೆಯನ್ನೂ ಒಂದರ ಕೆಳಗೊಂದು ಹೆಕ್ಸ್‌ನಲ್ಲಿ, ಅಂದರೆ ಹತ್ತರ ಬದಲು 16ನ್ನು ಬೇಸ್ (ಎಣಿಕೆಯ ಆಧಾರ) ಮಾಡಿಕೊಂಡು ಬರೆಯಿರಿ. ಆಮೇಲೆ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ.

12345678 ಬರಬೇಕಿತ್ತು, 1315027968 ಬಂತು ಎಂದಿಟ್ಟುಕೊಳ್ಳಿ. ದಶಮಾನದಲ್ಲಿ ನೋಡಿದರೆ ಇವೆರಡಕ್ಕೂ ಯಾವ ನಂಟೂ ಕಾಣುವುದಿಲ್ಲ. ಹೆಕ್ಸ್‌ನಲ್ಲಿ ಮೊದಲನೆಯದು 00 ಬಿಸಿ 61 4ಇ, ಎರಡನೆಯದು 4ಇ 61 ಬಿಸಿ 00. ಬೈಟುಗಳು (ಎರಡೆರಡು ಹೆಕ್ಸ್ ಅಂಕಿಯ ತುಂಡುಗಳು; ಒಂದೊಂದರಲ್ಲೂ 8 ಬಿಟ್, ಅಂದರೆ 0 ಅಥವಾ 1) ಹಿಂದುಮುಂದಾಗಿವೆ, ಅಷ್ಟೇ. (ಹತ್ತರಿಂದ ಹದಿನೈದರವರೆಗಿನ ಹೆಕ್ಸ್ ಅಂಕಿಗಳನ್ನು ಇಲ್ಲಿ ಎ, ಬಿ, ಸಿ, ಡಿ, ಇ, ಎಫ್ ಎಂದು ಬರೆದಿದೆ. ಹಾಗಾಗಿ ‘ಬಿಸಿ’ ಎಂದರೆ 188, ಕಾಫಿಯ ಬಿಸಿಯಲ್ಲ.)

ಕಳೆದು ಬಂದ ವ್ಯತ್ಯಾಸವೂ ಮಾತಾಡುತ್ತದೆ:

- ವ್ಯತ್ಯಾಸ 255ರಿಂದ ನಿಶ್ಶೇಷವಾಗಿ ಭಾಗವಾದರೆ ಬೈಟುಗಳ ಕ್ರಮ ಬದಲಾಗಿರುವ ಅನುಮಾನ. ಮೇಲಿನ ಜೋಡಿಯ ವ್ಯತ್ಯಾಸ 1302682290, ಅಂದರೆ 255 × 5108558.
- 65535ರಿಂದ ಭಾಗವಾದರೆ 16 ಬಿಟ್‌ನ ತುಂಡುಗಳು ಅದಲುಬದಲಾಗಿವೆ.
- ಸರಿಯಾಗಿ 256, 65536 ಅಥವಾ 4294967296 ಆಗಿದ್ದರೆ ಋಣ ಚಿಹ್ನೆ ಕಳೆದುಹೋಗಿದೆ, ಇಲ್ಲವೇ ಮೇಲ್ಗಡೆಯ ಬೈಟೊಂದು ಸೇರಿಕೊಂಡಿದೆ ಅಥವಾ ಬಿಟ್ಟುಹೋಗಿದೆ.
- ಯಾವಾಗಲೂ 6ರ ಮಗ್ಗಿಯಲ್ಲೇ ಬರುತ್ತಿದ್ದರೆ ಹೆಕ್ಸ್ ಅಂಕಿಗಳನ್ನು ಯಾರೋ ದಶಮಾನವೆಂದು, ಅಥವಾ ದಶಮಾನವನ್ನು ಹೆಕ್ಸ್ ಎಂದು ಓದಿದ್ದಾರೆ.
- ಬಂದ ಸಂಖ್ಯೆಯೇ ಬರಬೇಕಿದ್ದುದರ ಸುಮಾರು ಎರಡರಷ್ಟೋ ಅರ್ಧದಷ್ಟೋ ಆಗಿದ್ದರೆ ಒಂದು ಬಿಟ್ ಜರುಗಿದೆ.

ಒಂದೇ ಜೋಡಿ ನೋಡಿ ತೀರ್ಮಾನಕ್ಕೆ ಬರಬೇಡಿ. 6ರ ಮಗ್ಗಿ ಆಕಸ್ಮಿಕವಾಗಿಯೂ ಸಿಗುತ್ತದೆ. ಮೂರು ಜೋಡಿಯಲ್ಲಿ ಸಿಕ್ಕರೆ ನಂಬಿ.

ಹೆಕ್ಸ್‌ಗೆ ತಿರುಗಿಸಲು ವಿಂಡೋಸ್ ಕ್ಯಾಲ್ಕುಲೇಟರಿನ ಪ್ರೋಗ್ರಾಮರ್ ಮೋಡ್ ಸಾಕು. ಆದರೆ ಅಲ್ಲಿ ಬಿಟ್ ಅಗಲ ಎಷ್ಟಿದೆ ನೋಡಿಕೊಳ್ಳಿ: ಎಫ್‌ಎಫ್ 5ಇ ಎಂದು ಕೊಟ್ಟರೆ 64 ಬಿಟ್‌ನಲ್ಲಿ 65374, 16 ಬಿಟ್‌ನಲ್ಲಿ −162. ಲಿನಕ್ಸ್‌ನ ಬಿ.ಸಿ. ಕ್ಯಾಲ್ಕುಲೇಟರ್ ಬಳಸುವವರು ಮೊದಲು ಹೊರಬೇಸ್ (ಓಬೇಸ್), ಆಮೇಲೆ ಒಳಬೇಸ್ (ಐಬೇಸ್) ಕೊಡಬೇಕು. ಒಳಬೇಸನ್ನು 16 ಮಾಡಿದ ಮೇಲೆ ಹೊರಬೇಸ್ 10 ಎಂದರೆ ಆ 10ನ್ನೂ ಅದು ಹೆಕ್ಸ್ ಎಂದೇ ಓದಿ 16 ಮಾಡಿಕೊಳ್ಳುತ್ತದೆ. ಕೊಟ್ಟ ಸಂಖ್ಯೆಯೇ ವಾಪಸ್ ಬರುತ್ತದೆ. ದೋಷ ಹುಡುಕುವ ಸಾಧನದಲ್ಲೇ ದೋಷ ಇಟ್ಟುಕೊಂಡು ಅರ್ಧ ದಿನ ಕಳೆಯುವುದು ಹೀಗೆ.

ಕಾರ್ಡ್ ನಂಬರ್ ಹೊಂದುತ್ತಿಲ್ಲ

ಹಾಜರಿ ಯಂತ್ರ, ಗೇಟು, ಹಾಸ್ಟೆಲ್ ಊಟದ ಕೌಂಟರ್ ಎಲ್ಲ ಕಡೆ ಬರುವ ದೂರು ಇದು. ಕಾರ್ಡಿನ ಮೇಲೆ ಒಂದು ನಂಬರ್, ಸಾಫ್ಟ್‌ವೇರಿನಲ್ಲಿ ಇನ್ನೊಂದು. ರೀಡರ್ ಕೆಟ್ಟಿದೆ ಎಂದು ಬದಲಾಯಿಸುತ್ತಾರೆ. ಹೊಸ ರೀಡರಿನಲ್ಲಿ ಮೂರನೆಯದೇ ನಂಬರ್ ಬರುತ್ತದೆ.

125 ಕಿಲೋಹರ್ಟ್ಸ್‌ನ ಇಎಂ4100 ಬಗೆಯ ಕಾರ್ಡಿನೊಳಗೆ 40 ಬಿಟ್ ಮಾಹಿತಿ ಇರುತ್ತದೆ: ಮೊದಲ 8 ಬಿಟ್ ಆವೃತ್ತಿಯದು, ಉಳಿದ 32 ಕಾರ್ಡಿನ ಸಂಖ್ಯೆ. ಕಾರ್ಡಿನ ಮೇಲೆ ‘0012345678 188,24910’ ಎಂದು ಅಚ್ಚಾಗಿದೆ ಎನ್ನಿ. ಇದು ಎರಡು ನಂಬರ್ ಅಲ್ಲ, ಒಂದೇ ಸಂಖ್ಯೆಯ ಎರಡು ಬರಹ. 12345678 ಎಂದರೆ ಬಿಸಿ 61 4ಇ. ಅದರ ಮೇಲಿನ ಬೈಟ್ ಬಿಸಿ, ಅಂದರೆ 188. ಕೆಳಗಿನ ಎರಡು ಬೈಟ್ 61 4ಇ, ಅಂದರೆ 24910. ತಾಳೆ ನೋಡಿ: 188 × 65536 + 24910 = 12345678. ಅಲ್ಪವಿರಾಮದ ಎಡಕ್ಕಿರುವ ಸಂಖ್ಯೆ 255 ದಾಟುವುದಿಲ್ಲ, ಬಲಕ್ಕಿರುವುದು 65535 ದಾಟುವುದಿಲ್ಲ.

ಇದೇ ಒಂದು ಕಾರ್ಡು ಬೇರೆ ಬೇರೆ ರೀಡರಿನಲ್ಲಿ ಹೀಗೆಲ್ಲ ಕಾಣಬಹುದು.

24910 ಬಂದರೆ ಕೆಳಗಿನ 16 ಬಿಟ್ ಮಾತ್ರ ಬರುತ್ತಿದೆ. ಇದು ಅಪಾಯದ ಸೆಟ್ಟಿಂಗ್, ಏಕೆಂದರೆ 187,24910 ಕಾರ್ಡಿನವರೂ ಅದೇ ಬಾಗಿಲು ತೆಗೆಯುತ್ತಾರೆ. 18824910 ಬಂದರೆ ಎರಡು ತುಂಡನ್ನು ಪಕ್ಕಪಕ್ಕ ಅಂಟಿಸಿದ್ದಾರೆ. ಇದು ಲೆಕ್ಕವೇ ಅಲ್ಲ, ಬರೀ ಜೋಡಣೆ, ಹಾಗಾಗಿ ವ್ಯತ್ಯಾಸದ ಸೂತ್ರ ಯಾವುದೂ ಇಲ್ಲಿ ನಡೆಯುವುದಿಲ್ಲ. ಎಂಟಂಕಿ ಬಂದು ಅದರ ಮೊದಲ ಮೂರಂಕಿ ಕಾರ್ಡಿನ ಮೇಲಿನ ಅಲ್ಪವಿರಾಮದ ಎಡಗಡೆಯದೇ ಆಗಿದ್ದರೆ ಇದೇ ಎಂದು ತಿಳಿಯಿರಿ. 4307312974 ಬಂದರೆ ವ್ಯತ್ಯಾಸ ಸರಿಯಾಗಿ 4294967296, ಅಂದರೆ 01 ಎಂಬ ಆವೃತ್ತಿ ಬೈಟೂ ಸೇರಿ 40 ಬಿಟ್ ಪೂರ್ತಿ ಬಂದಿದೆ. 1315027968 ಎಂದರೆ ಬೈಟ್ ಕ್ರಮ ತಿರುಗಿದೆ; 13.56 ಮೆಗಾಹರ್ಟ್ಸ್‌ನ ಮೈಫೇರ್ ಕಾರ್ಡುಗಳಲ್ಲಿ ಈ ಕಾಟ ಇನ್ನೂ ಹೆಚ್ಚು.

ಇನ್ನು 58245788. ಇದು ಬಂದರೆ ತಂತಿಯ ಕಡೆ ನೋಡಿ. ವೀಗಂಡ್ 26 ಎಂಬ ರೀಡರ್ ತಂತಿ ಸಂಪರ್ಕದಲ್ಲಿ 24 ಬಿಟ್‌ಗೆ ಹಿಂದೊಂದು, ಮುಂದೊಂದು ಪ್ಯಾರಿಟಿ (ತಾಳೆ ನೋಡುವ) ಬಿಟ್ ಇರುತ್ತವೆ. ಮೊದಲನೆಯದು ಮೊದಲ 12 ಬಿಟ್‌ಗಳೊಂದಿಗೆ ಸೇರಿ ಒಂದುಗಳ ಎಣಿಕೆಯನ್ನು ಸಮ ಮಾಡುತ್ತದೆ, ಕೊನೆಯದು ಕೊನೆಯ 12 ಬಿಟ್‌ಗಳೊಂದಿಗೆ ಸೇರಿ ಬೆಸ ಮಾಡುತ್ತದೆ. ನಮ್ಮ ಕಾರ್ಡಿಗೆ ಮುಂದಿನದು 1, ಹಿಂದಿನದು 0. ಅವುಗಳನ್ನು ಕಿತ್ತುಹಾಕದೆ 26 ಬಿಟ್‌ನ್ನೂ ಸಂಖ್ಯೆಯಾಗಿ ಓದಿದರೆ 33554432 + 2 × 12345678 = 58245788. ಎಲ್ಲ ಕಾರ್ಡಿನ ನಂಬರೂ ಸುಮಾರು ಎರಡರಷ್ಟಾಗಿ, ಕೆಲವಕ್ಕೆ ಮಾತ್ರ 33554432 ಹೆಚ್ಚುವರಿ ಸೇರಿದ್ದರೆ ಬೇರೆ ಕಾರಣ ಹುಡುಕುವುದೇ ಬೇಡ.

ಪರಿಹಾರ ಮಾಡುವಾಗ ರೀಡರಿನ ಸೆಟ್ಟಿಂಗನ್ನು ಸಾಫ್ಟ್‌ವೇರಿಗೆ ಹೊಂದಿಸಿ. ಆಗಲೇ ನೋಂದಣಿಯಾದ ಸಾವಿರ ಕಾರ್ಡುಗಳನ್ನು ಡೇಟಾಬೇಸಿನಲ್ಲಿ ತಿದ್ದಲು ಹೋಗಬೇಡಿ. 16 ಬಿಟ್ ಮಾತ್ರ ಉಳಿಸಿದ್ದರೆ ಕಳೆದುಹೋದ ಮೇಲಿನ ಬೈಟು ಯಾವ ಲೆಕ್ಕದಿಂದಲೂ ವಾಪಸ್ ಬರುವುದಿಲ್ಲ; ಆಗ ಕಾರ್ಡುಗಳನ್ನು ಮತ್ತೆ ತೋರಿಸಲೇಬೇಕು.

ಬೆಳಿಗ್ಗೆ ಎಂಟಕ್ಕೆ ನಿಲ್ಲುವ ಸ್ಕ್ರಿಪ್ಟ್

ರಾತ್ರಿಯೆಲ್ಲ ಗಂಟೆಗೊಮ್ಮೆ ಸರಿಯಾಗಿ ಓಡಿದ ಬ್ಯಾಷ್ (ಲಿನಕ್ಸ್‌ನ ಆಜ್ಞಾಸಾಲು) ಸ್ಕ್ರಿಪ್ಟ್ 8 ಗಂಟೆಗೆ ಮುಗ್ಗರಿಸುತ್ತದೆ, 9ಕ್ಕೂ ಮುಗ್ಗರಿಸುತ್ತದೆ, 10ಕ್ಕೆ ತಾನಾಗಿಯೇ ಸರಿಹೋಗುತ್ತದೆ. ತಿಂಗಳ ಸಂಖ್ಯೆ ಬಳಸುವ ಸ್ಕ್ರಿಪ್ಟಾದರೆ ಜುಲೈವರೆಗೂ ಸರಿ, ಆಗಸ್ಟ್ 1ಕ್ಕೆ ನಿಂತಿತು. ಲಾಗ್‌ನಲ್ಲಿ ‘ವ್ಯಾಲ್ಯೂ ಟೂ ಗ್ರೇಟ್ ಫಾರ್ ಬೇಸ್’ ಎಂಬ ಸಾಲು ಇದ್ದೇ ಇರುತ್ತದೆ.

ಸೊನ್ನೆಯಿಂದ ಶುರುವಾಗುವ ಸಂಖ್ಯೆಯನ್ನು ಬ್ಯಾಷ್ ತನ್ನ ಅಂಕಗಣಿತದಲ್ಲಿ ಆಕ್ಟಲ್ (ಬೇಸ್ 8) ಎಂದು ಓದುತ್ತದೆ. ಆಕ್ಟಲ್‌ನಲ್ಲಿ 8, 9 ಎಂಬ ಅಂಕಿಗಳೇ ಇಲ್ಲ. 08 ಎಂದರೆ ಅದಕ್ಕೆ ಅರ್ಥವಿಲ್ಲ. ಪರಿಹಾರ: ಸಂಖ್ಯೆಯ ಮುಂದೆ 10# ಹಾಕಿ, 10#08 ಎಂದು ಬರೆದರೆ ದಶಮಾನ ಎಂದು ಖಚಿತ. ಜೋಡಿ ಚೌಕ ಆವರಣದಲ್ಲಿ ದೊಡ್ಡದು-ಚಿಕ್ಕದು ಹೋಲಿಸಿದರೂ ಇದೇ ತೊಂದರೆ ಬರುತ್ತದೆ. ಒಂಟಿ ಚೌಕ ಆವರಣದಲ್ಲಿ ಬರುವುದಿಲ್ಲ. ಅದಕ್ಕೇ ‘ನಿನ್ನೆವರೆಗೂ ಸರಿಯಿತ್ತು, ಆವರಣ ಬದಲಾಯಿಸಿದ್ದಷ್ಟೇ’ ಎಂಬ ಮಾತು ಕೇಳಿಬರುತ್ತದೆ.

ನಿಲ್ಲುವ ದೋಷ ಒಳ್ಳೆಯ ದೋಷ. ನಿಲ್ಲದೆ ತಪ್ಪು ಲೆಕ್ಕ ಕೊಡುವುದು ಕೆಟ್ಟದ್ದು. 001ರಿಂದ ಶುರುವಾಗುವ ರೋಲ್ ನಂಬರುಗಳನ್ನು ಹೀಗೆ ಓದಿದರೆ 007ರವರೆಗೆ ಸರಿ. 008, 009ಕ್ಕೆ ದೋಷ. 010 ಸದ್ದಿಲ್ಲದೆ 8 ಆಗುತ್ತದೆ, 077 ಆಗುವುದು 63. 100ರಿಂದ ಮತ್ತೆ ಎಲ್ಲ ಸರಿ. ಸಿ ಭಾಷೆಯ ಸ್ಕ್ಯಾನ್‌ಎಫ್‌ನಲ್ಲಿ ‘ಡಿ’ ಬದಲು ‘ಐ’ ಗುರುತು ಹಾಕಿದರೂ, ಸ್ಟ್ರ್‌ಟಾಲ್‌ ಫಂಕ್ಷನ್ನಿಗೆ ಬೇಸ್ 0 ಎಂದು ಕೊಟ್ಟರೂ ಸಂಖ್ಯೆ ಹೀಗೇ ಆಕ್ಟಲ್ ಆಗುತ್ತದೆ, ಅಲ್ಲಿ 008, 009 ಕೂಡ ಸದ್ದಿಲ್ಲದೆ 0 ಆಗುತ್ತವೆ. ವಿಳಾಸದಲ್ಲಿ 192.168.010.1 ಎಂದು ಚೆಂದಕ್ಕೆ ಸೊನ್ನೆ ತುಂಬಿದರೆ ಹಲವು ಉಪಕರಣಗಳು 192.168.8.1ಕ್ಕೆ ಹೋಗುತ್ತವೆ. ಪೈಥಾನಿನ ಐಪಿ ವಿಳಾಸದ ಲೈಬ್ರರಿ 3.9.5ರಿಂದ ಇಂಥ ಮುಂಸೊನ್ನೆಯನ್ನು ಒಪ್ಪುವುದನ್ನೇ ಬಿಟ್ಟಿತು.

ಇದರ ತಿರುಗುಮುರುಗು ದೋಷವೂ ಉಂಟು: ಆಕ್ಟಲ್ ಬೇಕಿದ್ದ ಕಡೆ ದಶಮಾನ. ಪೈಥಾನಿನಲ್ಲಿ ಫೈಲಿನ ಅನುಮತಿಯನ್ನು 644 ಎಂದು ಕೊಟ್ಟರೆ ಅದು ದಶಮಾನದ 644, ಆಕ್ಟಲ್‌ನಲ್ಲಿ 1204. ಫೈಲಿನ ಒಡೆಯನಿಗೆ ಬರೆಯುವ ಹಕ್ಕು ಮಾತ್ರ, ಓದುವ ಹಕ್ಕಿಲ್ಲ. ಗುಂಪಿಗೆ ಏನೂ ಇಲ್ಲ. ಹೊರಗಿನವರು ಮಾತ್ರ ಓದಬಹುದು! ಪಟ್ಟಿ ತೆಗೆದಾಗ ಸಾಲಿನ ಕೊನೆಯಲ್ಲಿ ದೊಡ್ಡ ‘ಟಿ’ ಅಕ್ಷರ ಕಂಡರೆ ಕಾರಣ ಇದೇ. 755 ಕೊಟ್ಟಿದ್ದರೆ ಆಕ್ಟಲ್ 1363 ಆಗಿರುತ್ತದೆ. ಸೊನ್ನೆ, ಚಿಕ್ಕ ‘ಓ’, ಆಮೇಲೆ 644 ಎಂದು ಬರೆಯಬೇಕು. ಸರ್ವರುಗಳನ್ನು ಸಜ್ಜುಗೊಳಿಸುವ ಆನ್ಸಿಬಲ್‌ನಲ್ಲಿ ಮುಂಸೊನ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ 0644 ಎಂದು ಕೊಡಿ. ಯಾಮಲ್ ಎಂಬ ಸೆಟ್ಟಿಂಗ್ ಕಡತಗಳಲ್ಲಿ ಇನ್ನೊಂದು ಹಳೆಯ ಬೇಸ್ ಅಡಗಿದೆ: ಆವೃತ್ತಿ 1.1ರ ಪ್ರಕಾರ ಉದ್ಧರಣವಿಲ್ಲದ 22:22 ಎಂದರೆ ಬೇಸ್ 60ರ ಸಂಖ್ಯೆ, ಅಂದರೆ 1342. ಡಾಕರ್ ಕಂಪೋಸ್‌ನ ಪೋರ್ಟ್ ಸಾಲುಗಳಿಗೆ ಉದ್ಧರಣ ಹಾಕಿ ಎನ್ನುವುದು ಇದಕ್ಕೇ.

ಗಡಿಯಾರ 9ರಿಂದ 16ಕ್ಕೆ ಜಿಗಿಯುತ್ತದೆ

ಡಿಎಸ್1307 ಅಥವಾ ಡಿಎಸ್3231 ಚಿಪ್ ಹಾಕಿದ ಆರ್ಡುಯಿನೋ ಗಡಿಯಾರದಲ್ಲಿ ಸೆಕೆಂಡು 7, 8, 9, ಆಮೇಲೆ 16. 25 ಆದ ಮೇಲೆ 32. ನಿಮಿಷ ಮುಗಿಯುವುದು 89ಕ್ಕೆ. ಚಿಪ್ ಕೆಟ್ಟಿಲ್ಲ. ಅದು ಪ್ರತಿ ದಶಮಾನ ಅಂಕಿಯನ್ನೂ ನಾಲ್ಕು ಬಿಟ್‌ನಲ್ಲಿ ಪ್ರತ್ಯೇಕವಾಗಿ ಇಡುತ್ತದೆ; ಈ ಪದ್ಧತಿಯ ಹೆಸರು ಬಿಸಿಡಿ (ಬೈನರಿ ಕೋಡೆಡ್ ಡೆಸಿಮಲ್). 59 ಸೆಕೆಂಡು ಅದರೊಳಗೆ ಹೆಕ್ಸ್ 59, ನೇರವಾಗಿ ಓದಿದರೆ 89. ಓದಿದ ಬೈಟಿನಿಂದ ‘6 × (ಬೈಟ್ ÷ 16ರ ಪೂರ್ಣಾಂಕ)’ ಕಳೆದರೆ ಮುಗಿಯಿತು: 89 − 6 × 5 = 59.

ಬರೆಯುವ ಕಡೆ ಪರಿವರ್ತನೆ ಮರೆತಿದ್ದರೆ ಲಕ್ಷಣ ಬೇರೆ. 30 ನಿಮಿಷ ಎಂದು ಇಟ್ಟದ್ದು ಒಳಗೆ 1ಇ ಆಗಿ, ಓದುವಾಗ 24 ಎಂದು ಬರುತ್ತದೆ. ಮೋಸ ಹೋಗುವುದು ಎರಡೂ ಕಡೆ ಮರೆತಾಗ: 30 ಬರೆದು ತಕ್ಷಣ ಓದಿದರೆ 30 ಎಂದೇ ಬರುತ್ತದೆ, ಪರೀಕ್ಷೆ ಪಾಸು! ನಿಮಿಷ ಕಳೆದ ಮೇಲೆ ಎಣಿಕೆ ಕೆಡುತ್ತದೆ. ಹಾಗಾಗಿ ಬರೆದು ಓದಿದರೆ ಸಾಲದು, ಒಂದು ಹತ್ತು ದಾಟುವವರೆಗೆ ಕಾದು ನೋಡಿ. ಡಿಎಸ್1307ರಲ್ಲಿ ಸೆಕೆಂಡು 128 ಅಥವಾ ಅದಕ್ಕಿಂತ ಹೆಚ್ಚಾಗಿ ನಿಂತೇ ಇದ್ದರೆ ಮೇಲಿನ ಬಿಟ್ ಗಡಿಯಾರ ನಿಲ್ಲಿಸುವ ಗುರುತು. ಅದನ್ನು ಸೊನ್ನೆ ಮಾಡಿದರೆ ಓಡತೊಡಗುತ್ತದೆ.

ಚಳಿಯಲ್ಲಿ 4085 ಡಿಗ್ರಿ

ಡಿಎಸ್18ಬಿ20 ತಾಪಮಾಪಕ ಸೊನ್ನೆಯ ಮೇಲೆ ಸರಿಯಾಗಿದ್ದು, ಫ್ರೀಜರಿನಲ್ಲಿಟ್ಟಾಗ 4085.875 ತೋರಿಸಿದರೆ ಅದರ ನಿಜವಾದ ಓದು −10.125. ಕಚ್ಚಾ ಮೌಲ್ಯ ಎಫ್‌ಎಫ್ 5ಇ. 16 ಬಿಟ್‌ನ ಚಿಹ್ನೆಸಹಿತ ಸಂಖ್ಯೆಯಾಗಿ ಅದು −162, 16ರಿಂದ ಭಾಗಿಸಿದರೆ −10.125. ಚಿಹ್ನೆಯಿಲ್ಲದೆ ಓದಿದರೆ 65374, ಭಾಗಿಸಿದರೆ 4085.875. ವ್ಯತ್ಯಾಸ ಸರಿಯಾಗಿ 4096, ಅಂದರೆ 65536 ÷ 16. ಸಂಖ್ಯೆ 32768 ಅಥವಾ ಅದಕ್ಕಿಂತ ಹೆಚ್ಚಿದ್ದರೆ 65536 ಕಳೆಯಿರಿ, ಇಲ್ಲವೇ 16 ಬಿಟ್‌ನ ಚಿಹ್ನೆಸಹಿತ ಬಗೆಯಲ್ಲಿ ಇಟ್ಟುಕೊಳ್ಳಿ. ಆರ್ಡುಯಿನೋ ಊನೋದಲ್ಲಿ ಸರಿಯಿದ್ದ ಕೋಡ್ 32 ಬಿಟ್‌ನ ಬೋರ್ಡಿಗೆ ಹೋದಾಗ ಕೆಡುವುದು ಇಲ್ಲೇ: ಅಲ್ಲಿ ಸಾಮಾನ್ಯ ಪೂರ್ಣಾಂಕ 16 ಬಿಟ್, ಇಲ್ಲಿ 32. ಅಂದಹಾಗೆ ಮೊದಲ ಓದು 85.000 ಬಂದರೆ ಅದು ಬೇಸ್ ದೋಷವಲ್ಲ. ವಿದ್ಯುತ್ ಬಂದ ಕೂಡಲೇ ಚಿಪ್‌ನಲ್ಲಿರುವ ಆರಂಭಿಕ ಮೌಲ್ಯ, ಅಳತೆ ಮುಗಿಯುವ ಮೊದಲೇ ಓದಿದ್ದೀರಿ.

ಮೋಡ್‌ಬಸ್ (ಉಪಕರಣಗಳ ನಡುವಿನ ಸಂವಹನ ಪದ್ಧತಿ) ಬಳಸುವ ವಿದ್ಯುತ್ ಮೀಟರುಗಳಲ್ಲಿ 70000 ಯೂನಿಟ್ ಬದಲು 292552705 ಬಂದರೆ 16 ಬಿಟ್‌ನ ಎರಡು ರಿಜಿಸ್ಟರುಗಳ ಕ್ರಮ ತಿರುಗಿದೆ (0001 1170 ಹೋಗಿ 1170 0001). ವೋಲ್ಟೇಜು 230ರ ಬದಲು 1130758144 ಬಂದರೆ ಕ್ರಮ ಸರಿಯಿದೆ. ಆದರೆ 43 66 00 00 ಎಂಬ ದಶಾಂಶ (ಫ್ಲೋಟ್) ಸಂಖ್ಯೆಯನ್ನು ನೀವು ಪೂರ್ಣಾಂಕವಾಗಿ ಓದುತ್ತಿದ್ದೀರಿ.

ಎಕ್ಸೆಲ್‌ನಲ್ಲಿ ಹಾಳಾದದ್ದು

ಹೆಕ್ಸ್ ಪಟ್ಟಿಯನ್ನು ಸಿಎಸ್‌ವಿಯಾಗಿ ತೆರೆದ ಕ್ಷಣದಲ್ಲೇ ಹಾನಿ ಆಗಿರುತ್ತದೆ. 12ಇ4 ಎಂಬ ಕಾರ್ಡ್ ನಂಬರು (ನಿಜ ಮೌಲ್ಯ 4836) 12 × 10000 ಆಗಿ 120000 ಆಗುತ್ತದೆ. 00ರಿಂದ ಶುರುವಾಗಿ ಅಕ್ಷರವೇ ಇಲ್ಲದವು ಸೊನ್ನೆ ಕಳೆದುಕೊಳ್ಳುತ್ತವೆ. ಇಂಥವೂ, ಅಕ್ಷರಗಳಲ್ಲಿ ಇ ಒಂದೇ ಇದ್ದು, ಅದೂ ನಡುವೆ ಇದ್ದವೂ ಮಾತ್ರ ಕೆಡುವುದರಿಂದ ನೂರರಲ್ಲಿ ಕೆಲವು ಮಾತ್ರ ತಪ್ಪಿರುತ್ತವೆ, ಕಣ್ಣಿಗೆ ಬೀಳುವುದಿಲ್ಲ. ಸೇವ್ ಮಾಡಿಬಿಟ್ಟರೆ ಮೂಲ ಸಿಗುವುದಿಲ್ಲ. ಡೇಟಾ ಮೆನುವಿನಿಂದ ಆಮದು ಮಾಡಿ, ಆ ಕಾಲಂ ‘ಟೆಕ್ಸ್ಟ್’ ಎಂದು ಮೊದಲೇ ಹೇಳಿ.

ಎಕ್ಸೆಲ್ 15 ಅಂಕಿಗಿಂತ ಹೆಚ್ಚು ಉಳಿಸಿಕೊಳ್ಳುವುದಿಲ್ಲ. 04 ಬೈಟಿನಿಂದ ಶುರುವಾಗುವ ಏಳು ಬೈಟ್ ಮೈಫೇರ್ ಸಂಖ್ಯೆಗಳು ದಶಮಾನದಲ್ಲಿ ಸರಿಯಾಗಿ 16 ಅಂಕಿ. ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಪಟ್ಟಿಯಲ್ಲಿ ಎಲ್ಲರ ನಂಬರೂ 0ಯಿಂದ ಮುಗಿಯುತ್ತಿದ್ದರೆ ರೀಡರನ್ನು ಬೈಯಬೇಡಿ. ಜಾವಾಸ್ಕ್ರಿಪ್ಟಿನ ಮಿತಿ 9007199254740991. ಏಳು ಬೈಟನ್ನು ಹಿಂದುಮುಂದಾಗಿ ಓದಿದರೆ ಅದೂ ಸುಲಭವಾಗಿ ದಾಟಿಹೋಗುತ್ತದೆ.

ಬೈನರಿಯಿಂದ ದಶಮಾನಕ್ಕೆ ತರುವ ಹಳೆಯ ಫಂಕ್ಷನ್ ಹತ್ತೇ ಬಿಟ್ ತೆಗೆದುಕೊಳ್ಳುತ್ತದೆ, ಹತ್ತನೆಯದು ಚಿಹ್ನೆ. ಹತ್ತು ಒಂದುಗಳನ್ನು ಕೊಟ್ಟರೆ 1023 ಅಲ್ಲ, −1. ದಶಮಾನದಿಂದ ಬೈನರಿಗೆ ಹಿಂದಿರುಗುವ ಫಂಕ್ಷನ್ 511 ದಾಟಿದರೆ ದೋಷ ಕೊಡುತ್ತದೆ. ಎಕ್ಸೆಲ್ 2013ರಿಂದ ಇರುವ ‘ಬೇಸ್’ ಮತ್ತು ‘ಡೆಸಿಮಲ್’ ಫಂಕ್ಷನ್‌ಗಳಿಗೆ ಈ ತಕರಾರಿಲ್ಲ, ಅವನ್ನೇ ಬಳಸಿ.

ನೀವೇ ಬರೆದ ಪರಿವರ್ತಕ

2ರಿಂದ ಭಾಗಿಸುತ್ತಾ ಹೋಗಿ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. 13ಕ್ಕೆ ಶೇಷಗಳು ಬರುವ ಕ್ರಮ 1, 0, 1, 1, ಉತ್ತರ 1101. ಬಂದ ಕ್ರಮದಲ್ಲೇ ಓದಿದರೆ 1011, ಅಂದರೆ 11. ಈ ದೋಷ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದು ಪರೀಕ್ಷೆಯ ಸಂಖ್ಯೆಯಿಂದ: 5, 7, 9, 15 ಎಲ್ಲ ಬೈನರಿಯಲ್ಲಿ ಎರಡೂ ಕಡೆಯಿಂದ ಒಂದೇ. 6, 13, 200 ಕೊಟ್ಟು ನೋಡಿ. ಬೈಟ್ ಕ್ರಮಕ್ಕಾದರೆ ಹೆಕ್ಸ್ 12 34 56 78 (305419896) ಒಳ್ಳೆಯದು. ತಿರುಗಿದರೆ 2018915346 ಬರುತ್ತದೆ. ಚಿಹ್ನೆಗೂ ಅಕ್ಷರಗಳಿಗೂ ಎಫ್‌ಇ ಡಿಸಿ ಬಿಎ 98: ಚಿಹ್ನೆಯಿಲ್ಲದೆ 4275878552, ಚಿಹ್ನೆ ಹಿಡಿದರೆ −19088744.

0 ಕೊಟ್ಟರೆ ಖಾಲಿ ಉತ್ತರ ಬರುವುದು ‘ಸೊನ್ನೆಗಿಂತ ಹೆಚ್ಚಿರುವವರೆಗೆ’ ಎಂಬ ಸುತ್ತಿನಿಂದ; ಸೊನ್ನೆಯನ್ನು ಮೊದಲೇ ಬೇರೆ ನೋಡಿಕೊಳ್ಳಿ. ‘ಸೊನ್ನೆ ಆಗುವವರೆಗೆ’ ಎಂದು ಬರೆದು ಋಣ ಸಂಖ್ಯೆ ಕೊಟ್ಟರೆ ಪೈಥಾನಿನಲ್ಲಿ ಸುತ್ತು ಮುಗಿಯುವುದೇ ಇಲ್ಲ, ಏಕೆಂದರೆ ಅಲ್ಲಿ −1ನ್ನು 2ರಿಂದ ಪೂರ್ಣಾಂಕವಾಗಿ ಭಾಗಿಸಿದರೆ ಮತ್ತೆ −1. ಹೆಕ್ಸ್ ಉತ್ತರದಲ್ಲಿ ಕೋಲನ್, ಅರ್ಧವಿರಾಮ, ಪ್ರಶ್ನಾರ್ಥಕ ಚಿಹ್ನೆ ಕಂಡರೆ 9ರ ನಂತರದ ಅಂಕಿಗೆ 7 ಕೂಡಿಸಲು ಮರೆತಿದ್ದೀರಿ. ಅಕ್ಷರಗಳ ಆಸ್ಕಿ ಪಟ್ಟಿಯಲ್ಲಿ 9 ಮತ್ತು ದೊಡ್ಡ ಎ ನಡುವೆ ಏಳು ಚಿಹ್ನೆಗಳಿವೆ. ಬೈನರಿಯಿಂದ ಆಕ್ಟಲ್‌ಗೆ ಮೂರು ಮೂರು ಬಿಟ್ ಕಟ್ಟುವಾಗ ಬಲದಿಂದ ಶುರು ಮಾಡಿ: 11010 ಎಂದರೆ 11, 010, ಅಂದರೆ 32. ಎಡದಿಂದ ಕಟ್ಟಿದರೆ 62 ಬಂದು 26ರ ಸಂಖ್ಯೆ 50 ಆಗುತ್ತದೆ.

ದಶಾಂಶ ಭಾಗಕ್ಕೆ 2ರಿಂದ ಗುಣಿಸಿ, ಪೂರ್ಣಾಂಕಗಳನ್ನು ಈ ಸಲ ಮೇಲಿನಿಂದ ಕೆಳಕ್ಕೆ ಓದಿ. 0.625ಕ್ಕೆ 101 ಬಂದು ಮುಗಿಯುತ್ತದೆ, 0.1ಕ್ಕೆ ಮುಗಿಯುವುದೇ ಇಲ್ಲ, 0011 ಮರುಕಳಿಸುತ್ತಲೇ ಹೋಗುತ್ತದೆ. ಅದನ್ನು ಎಲ್ಲಾದರೂ ಕತ್ತರಿಸಲೇಬೇಕು. 1991ರ ಫೆಬ್ರವರಿ 25ರಂದು ಸೌದಿಯ ದಹರಾನ್‌ನಲ್ಲಿ ಪೇಟ್ರಿಯಾಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಕ್ಷಿಪಣಿಯನ್ನು ತಡೆಯದೆ 28 ಸೈನಿಕರು ಸತ್ತದ್ದು ಈ ಕತ್ತರಿಯಿಂದ: ಸೆಕೆಂಡಿನ ಹತ್ತನೇ ಒಂದನ್ನು 24 ಬಿಟ್‌ಗೆ ಕಡಿದಿದ್ದರು, ನೂರು ಗಂಟೆಯಲ್ಲಿ ಗಡಿಯಾರ 0.34 ಸೆಕೆಂಡು ತಪ್ಪಿತ್ತು. ದುಡ್ಡಿನ ಲೆಕ್ಕವನ್ನು ಪೈಸೆಯಲ್ಲೇ ಪೂರ್ಣಾಂಕವಾಗಿ ಇಡಿ.

ಕನ್ನಡ ಅಂಕಿಗಳು

ಫಾರಂನಲ್ಲಿ ೧೨೩ ಎಂದು ಬರೆದರೆ ಬ್ರೌಸರಿನಲ್ಲಿ ದೋಷ, ಸರ್ವರಿನಲ್ಲಿ ಸರಿ. ಏಕೆಂದರೆ ಪೈಥಾನಿನ ಇಂಟ್ ಕನ್ನಡ ಅಂಕಿಗಳನ್ನು ಒಪ್ಪುತ್ತದೆ, ೧೦ನ್ನು ಬೇಸ್ 2ರಲ್ಲಿ ಕೊಟ್ಟರೆ 2 ಎಂದು ಸರಿಯಾಗಿಯೇ ಹೇಳುತ್ತದೆ. ಜಾವಾಸ್ಕ್ರಿಪ್ಟಿನ ಪಾರ್ಸ್‌ಇಂಟ್ ಒಪ್ಪುವುದಿಲ್ಲ. ಯೂನಿಕೋಡ್‌ನಲ್ಲಿ ೦ಯ ಸ್ಥಾನ 3302, ೯ರದು 3311. ಒಳಬರುವ ಜಾಗದಲ್ಲೇ ಅಕ್ಷರದ ಸ್ಥಾನದಿಂದ 3302 ಕಳೆದು ಮಾಮೂಲಿ ಅಂಕಿ ಮಾಡಿಕೊಂಡರೆ ಎರಡೂ ಕಡೆ ಒಂದೇ ಫಲ.

ಅಷ್ಟಾದ ಮೇಲೂ ೧೦ ಮಾತ್ರ ದೋಷ ಕೊಡುತ್ತಿದ್ದು ೧೧, ೧೨ ಸರಿಯಿದ್ದರೆ, ಟೈಪ್ ಮಾಡಿದವರು ಸೊನ್ನೆಯ ಬದಲು ಅನುಸ್ವಾರ ಒತ್ತಿದ್ದಾರೆ. ಹಲವು ಫಾಂಟುಗಳಲ್ಲಿ ಎರಡೂ ಒಂದೇ ಥರದ ಸೊನ್ನೆ. ಆ ಅಕ್ಷರದ ಸ್ಥಾನ ತೆಗೆದು ನೋಡಿ: 3302ರ ಬದಲು 3202 ಬರುತ್ತದೆ.